ನೆರಳಿಲ್ಲದ ಹೆಂಗಸು

ಆ ವರ್ಷಗಳಲ್ಲಿ ನಾನು ಹೊಟ್ಟೆಪಾಡಿಗೆ ಆಕಾಶ ಬರೆಯುತ್ತಿದ್ದೆ. ಅದಿರಿನ ವ್ಯಾಪಾರ ಏರಿದ ಕಾಲ. ನಿನ್ನೆ ಮೊನ್ನೆಯವರೆಗೆ ಒಂದೇ ಲಾರಿ ಇಟ್ಟುಕೊಂಡಿದ್ದವರೂ ಹೊಸಪೇಟೆಯಲ್ಲಿ, ಸಂಡೂರಿನಲ್ಲಿ ಬಂಗಲೆ ಎಬ್ಬಿಸುತ್ತಿದ್ದರು. ಆ ಬಂಗಲೆಗಳ ನಡುಮನೆಯ ಛತ್ತಿಗೆ ಒಂದು ಆಕಾಶ ಬೇಕಾಗುತ್ತಿತ್ತು. ಪ್ಲಾಸ್ಟರಿನಲ್ಲಿ ದುಂಡಗೆ ಗೂಡು ತೆಗೆಸಿ, ಅದರೊಳಗೆ ನೀಲಿ ಬಳಿದು, ಮೋಡ ತೇಲಿಸಿ, ಅಂಚಿಗೆ ಒಂದೆರಡು ಹೂಬಳ್ಳಿ ಇಳಿಬಿಟ್ಟರೆ, ಸೋಫಾದ ಮೇಲೆ ಕುಳಿತು ಕತ್ತೆತ್ತಿದವರಿಗೆ ಛತ್ತು ಬಿಚ್ಚಿಕೊಂಡು ಬಯಲು ಕಾಣಬೇಕು. ಆ ವಿದ್ಯೆ ನನಗೆ ಕೈಹತ್ತಿತ್ತು. ಚಪ್ಪಟೆ ಗೋಡೆಗೆ ಆಳ ಕೊಡುವುದು, ಇಲ್ಲದ ಮೊಳೆಯನ್ನು ಹೊಡೆದಂತೆ ತೋರಿಸುವುದು, ಇಲ್ಲದ ಬಾಗಿಲನ್ನು ಅರ್ಧ ತೆರೆದಿಡುವುದು.

ಯಶವಂತನಗರದ ದಾರಿಯಲ್ಲಿ ಮನೆ ಕಟ್ಟಿಸುತ್ತಿದ್ದ ಒಬ್ಬ ಗಣಿ ಗುತ್ತಿಗೆದಾರರು ಮೊದಲ ದಿನವೇ ನನಗೆ ತಾಕೀತು ಮಾಡಿದರು.

"ನೋಡ್ರಿ, ಆಕಾಶ ಮಸ್ತ್ ಬರಬೇಕು. ಆದ್ರ ನಮ್ಮೂರ ಆಕಾಶ ಬ್ಯಾಡ. ಬ್ಯಾರೆ ಕಡಿದು ಬರೀರಿ."

"ಬ್ಯಾರೆ ಕಡಿದು ಅಂದ್ರ ಎಲ್ಲಿದ್ರಿ?"

"ಊಟಿದು, ಕಾಶ್ಮೀರದ್ದು, ಯಾವ್ದಾರ ಆಗ್ಲಿ. ಇಲ್ಲಿದು ಕೆಂಪಾಗೈತಲ್ಲ."

ಅವರು ಹೇಳಿದ್ದು ಸುಳ್ಳಲ್ಲ. ಕಿಟಕಿಯಾಚೆ ಲಾರಿಗಳ ಸಾಲು ಕರಗುತ್ತಲೇ ಇರಲಿಲ್ಲ. ರಸ್ತೆಬದಿಯ ಬೇವಿನ ಮರಗಳ ಎಲೆ ಯಾವ ಬಣ್ಣದ್ದೆಂದು ಮಳೆ ಬಂದ ಮೇಲೆಯೇ ತಿಳಿಯಬೇಕು. ನಾನು ಆ ಮನೆಯಲ್ಲಿ ಕಿಟಕಿ ಮುಚ್ಚಿಕೊಂಡು, ಅಟ್ಟಣಿಗೆಯ ಮೇಲೆ ಅಂಗಾತ ಮಲಗಿ, ನಾನು ನೋಡಿರದ ಊರಿನ ಆಕಾಶ ಬರೆದೆ. ಅವರಿಗೆ ಬಹಳ ಹಿಡಿಸಿತು. ಬಂದವರನ್ನೆಲ್ಲ ಅದರ ಕೆಳಗೆ ನಿಲ್ಲಿಸಿ ಕತ್ತೆತ್ತಿಸುತ್ತಿದ್ದರು.

ನನ್ನದೇ ಕೆಲಸ ಬೇರೆ ಇತ್ತು. ಹೊಸಪೇಟೆಯ ಬೈಪಾಸಿನ ಹತ್ತಿರ ಮಾಳಿಗೆಯ ಮೇಲೊಂದು ಕೋಣೆ ಹಿಡಿದಿದ್ದೆ. ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ ಸಂಜೆಗೆ ಕೆಂಪು ಧೂಳಿನ ಪದರ. ಅದರ ಮೇಲಿಟ್ಟಿದ್ದ ಲೋಟ ಎತ್ತಿದರೆ ಕೆಳಗೆ ದುಂಡನೆಯ ಶುಭ್ರ ಜಾಗ. ಆ ಧೂಳು, ಆ ದುಂಡು, ಅಷ್ಟನ್ನೇ ಕ್ಯಾನ್ವಾಸಿನ ಮೇಲೆ ತಿಂಗಳುಗಟ್ಟಲೆ ಬರೆದೆ. ನೋಡಿದವರಿಗೆ ಅದು ಚಿತ್ರವೋ ಧೂಳು ಕೂತ ಹಲಗೆಯೋ ತಿಳಿಯಬಾರದು ಎಂಬುದು ನನ್ನ ಹಟ. ಒಂದು ಹಬ್ಬದ ದಿನ ಹೋಳಿಗೆ ಕೊಡಲು ಮೇಲೆ ಬಂದ ಮನೆಯೊಡತಿ ಅದನ್ನು ಕಂಡವರೇ ಸೆರಗಿನಿಂದ ಒರೆಸಲು ಹೋದರು. ಸೆರಗಿಗೆ ಏನೂ ಹತ್ತದ್ದನ್ನು ನೋಡಿ ಬೆಪ್ಪಾಗಿ, ಆಮೇಲೆ ಅಂದರು: "ಧೂಳು ಯಾರಾರ ಬರೀತಾರೇನ್ರಿ? ಹೊರಗ ಬೇಕಾದಷ್ಟು ಬಿದ್ದೈತಲ್ಲ."

ನನ್ನ ಕೆಲಸದ ಬಗ್ಗೆ ಆ ವರ್ಷ ಯಾರಾದರೂ ಆಡಿದ ಮಾತೆಂದರೆ ಅದೊಂದೇ. ಜೊತೆಯಲ್ಲಿ ಕಲಿತವರು ದೂರದ ಊರುಗಳಲ್ಲಿ ನೆಲೆಯಾಗಿದ್ದರು. ಮದುವೆಯ ಮಾತು ಬಂದ ಕಡೆಯೆಲ್ಲ 'ಹುಡುಗ ಏನ್ ಮಾಡ್ತಾನ' ಅಂದರೆ 'ಪೇಂಟರ್', 'ಅಂದ್ರ ಮನಿಗೆ ಬಣ್ಣ ಹಚ್ಚೋ ಕೆಲಸಾನ' ಎಂಬಲ್ಲಿಗೆ ಮಾತು ನಿಲ್ಲುತ್ತಿತ್ತು. ಎಷ್ಟೋ ದಿನ ಹೋಟೆಲಿನಲ್ಲಿ ಇಡ್ಲಿ ಹೇಳಿದ್ದು ಬಿಟ್ಟರೆ ಬಾಯಿ ತೆರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಹಾಗಿರುವಾಗ ಕಂಪ್ಲಿಯಿಂದ ಅಕ್ಕೋರ ಫೋನು ಬಂತು.

ಅಕ್ಕೋರು ಅಂದರೆ ನಮ್ಮ ಡ್ರಾಯಿಂಗ್ ಟೀಚರ್. ನಾನು ಹುಟ್ಟಿ ಬೆಳೆದದ್ದು ಕಂಪ್ಲಿಯಲ್ಲಿ; ಅಪ್ಪ ಅಲ್ಲಿನ ಅಕ್ಕಿ ಗಿರಣಿಯಲ್ಲಿದ್ದ. ಹೈಸ್ಕೂಲಿನಲ್ಲಿ ಉಳಿದವರು ಡ್ರಾಯಿಂಗ್ ಪಿರಿಯಡ್ಡನ್ನು ಗಣಿತಕ್ಕೆ ಬಿಟ್ಟುಕೊಡುತ್ತಿದ್ದರೆ, ಅಕ್ಕೋರು ಮಾತ್ರ ಯಾರಿಗೂ ಬಿಡುತ್ತಿರಲಿಲ್ಲ. ಮೇಜಿನ ಮೇಲೆ ಹಿತ್ತಾಳೆಯ ತಂಬಿಗೆ ಇಟ್ಟು, "ಮೊದ್ಲು ನೆರಳು ನೋಡ್ರಿ, ತಂಬಿಗೆ ಆಮ್ಯಾಲ. ನೆರಳು ಸರಿ ಬಂದ್ರ ತಂಬಿಗೆ ತಾನಾ ಬಂದು ಕುಂದರ್ತೈತಿ" ಅನ್ನುತ್ತಿದ್ದರು. ಮದುವೆಯಾಗಿರಲಿಲ್ಲ. ನಿವೃತ್ತರಾದ ಮೇಲೆ ತಮ್ಮನ ಮನೆಯಲ್ಲಿ ಇದ್ದರು. ತಮ್ಮನಿಗೆ ಗೊಬ್ಬರ, ಬೀಜದ ಅಂಗಡಿ. ಮನೆ ತುಂಬ ಜನ.

"ಒಮ್ಮಿ ಬಂದು ಹೋಗಪ್ಪಾ," ಅಂದರು ಫೋನಿನಲ್ಲಿ. "ಬರೂವಾಗ ಬಣ್ಣ ತಗೊಂಡು ಬಾ." ಅಷ್ಟೇ ಹೇಳಿ ಇಟ್ಟುಬಿಟ್ಟರು.

ಭಾನುವಾರ ಬಸ್ಸು ಹತ್ತಿದೆ. ಕಮಲಾಪುರ ದಾಟಿ ಸ್ವಲ್ಪ ಹೋಗುತ್ತಿದ್ದಂತೆ ಕೆಂಪು ಕಡಿಮೆಯಾಗಿ, ಕಾಲುವೆ ನೀರು, ಬಾಳೆ, ಕಬ್ಬು, ನೆಲ್ಲಿನ ಹಸಿರು ಶುರುವಾಗುತ್ತದೆ. ಕಣ್ಣು ತಂಪಾಗುವ ಆ ದಾರಿಯನ್ನು ನಾನು ಮರೆತೇಬಿಟ್ಟಿದ್ದೆ.

ಅಕ್ಕೋರು ಹಿತ್ತಲ ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು, ನಡುಮನೆಯ ಬಾಗಿಲಿಗೆ ಮುಖ ಮಾಡಿ ಕುಳಿತಿದ್ದರು. ನಾನು ಎದುರಿಗೆ ಹೋಗಿ ನಿಂತರೂ ಅವರ ನೋಟ ನನ್ನ ಕಿವಿಯ ಪಕ್ಕ ಎಲ್ಲೋ ಇತ್ತು.

"ದನಿ ಮಾಡಪ್ಪಾ, ಯಾರಂತ ತಿಳಿಯಂಗಿಲ್ಲ."

ನಾನು ಮಾತಾಡಿದೆ. ಅವರ ಮುಖ ಅರಳಿತು. ಕಣ್ಣಿನ ನಡುವೆ ಒಂದು ಮಸಿಯ ಚುಕ್ಕೆ ಕೂತಂತಾಗಿ, ನೇರ ನೋಡಿದ್ದೆಲ್ಲ ಅದರೊಳಗೆ ಮುಳುಗಿಹೋಗುತ್ತದೆ, ಅಂಚಿನಲ್ಲಿ ಮಾತ್ರ ಒಂದಿಷ್ಟು ಮಸುಕು ಮಸುಕಾಗಿ ಕಾಣುತ್ತದೆ ಎಂದರು. ಒಂದು ವರ್ಷದಿಂದ ಹೀಗಂತೆ. ಕಣ್ಣಿನ ಪೊರೆ ಇರಬೇಕು, ಕಟಾವಿನ ಕೆಲಸ ಮುಗಿದ ಮೇಲೆ ತೋರಿಸಿದರಾಯಿತು ಎಂದು ಮನೆಯವರು ಮುಂದೂಡಿದ್ದರು. ತಮ್ಮನ ಹೆಂಡತಿ, ಅಂದರೆ ಅವರ ನಾದಿನಿ, ಚಹಾ ಕೊಟ್ಟು ಒಳಗೆ ಹೋಗುವವರೆಗೆ ಸುಮ್ಮನಿದ್ದ ಅಕ್ಕೋರು ದನಿ ತಗ್ಗಿಸಿದರು.

"ಅದಕ್ಕಲ್ಲ ನಿನ್ನ ಕರಸಿದ್ದು. ಇರೋದು ಕಾಣಂಗಿಲ್ಲ ಅಂದ್ರ ತಡ್ಕೋಬಹುದು. ನನಗ ಇಲ್ಲದ್ದು ಕಾಣಾಕ ಹತ್ತೈತಿ."

ಮೊದಮೊದಲು ಗೋಡೆಯ ಮೇಲೆ ಚಾಪೆಯ ಹೆಣಿಗೆಯಂಥ ಗೆರೆಗಳು ಹರಡಿಕೊಂಡವಂತೆ. ಆಮೇಲೆ ಅಂಗಳದಲ್ಲಿ ಗೇಣುದ್ದದ ಜನ, ತಲೆಯ ಮೇಲೆ ರುಮಾಲು ಸುತ್ತಿಕೊಂಡು, ಎಲ್ಲಿಗೋ ಸಾಲಾಗಿ ನಡೆದುಹೋದರಂತೆ. ಈಗ ಕೆಲ ತಿಂಗಳಿಂದ ಒಬ್ಬ ಹೆಂಗಸು. ನಡುಮನೆಯ ಬಾಗಿಲಲ್ಲಿ ಹಸಿರು ಸೀರೆ ಉಟ್ಟು ಬಂದು ನಿಲ್ಲುತ್ತಾಳೆ. ಮಾತಿಲ್ಲ ಕತೆಯಿಲ್ಲ, ಸ್ವಲ್ಪ ಹೊತ್ತು ನಿಂತು ಇಲ್ಲವಾಗುತ್ತಾಳೆ. ಗುರುತಿನವಳಲ್ಲ. ಸತ್ತವರ ಪೈಕಿಯೂ ಅಲ್ಲ.

"ನಾದಿನಿಗೆ ಒಮ್ಮಿ ಬಾಯಿ ತಪ್ಪಿ ಹೇಳಿದೆ. ಅಕಿ ಗಾಳಿ ಸೋಕೈತಿ ಅಂತ ಈ ದಾರ ಕಟ್ಟಿಸ್ಯಾಳ." ಮುಂಗೈಯ ಕಪ್ಪು ದಾರ ತೋರಿಸಿದರು. "ಹುಚ್ಚು ಹಿಡೀತೈತೇನೋ ಅಂತ ನನಗ ಅಂಜಿಕಿ. ಆದ್ರ ಒಂದು ವಿಚಿತ್ರ ಕೇಳು. ಎದುರಿಗೆ ಕುಂತ ನಿನ್ನ ಮಾರಿ ನನಗ ಕಾಣವಲ್ದು. ಅಕಿ ಸೀರಿ ಅಂಚಿನ ಎಳಿ ಎಳಿ ಕಾಣ್ತೈತಿ. ನಲ್ವತ್ತು ವರ್ಷದ ಹಿಂದಿನ ಕಣ್ಣು ತಿರುಗಿ ಬಂದಂಗ."

"ಅಕಿ ಖರೇ ಅಲ್ಲ ಅಂತ ಹೆಂಗ ಗೊತ್ತಾತ್ರಿ?"

"ಅಕಿಗೆ ನೆರಳಿಲ್ಲಪ್ಪಾ. ಮಧ್ಯಾಹ್ನದ ಬಿಸಿಲು ಬಾಗಿಲ ತನಕ ಬರ್ತೈತಿ, ಮೈಗೆ ಹತ್ತತೈತಿ. ಆ ಬಿಸಿಲಿನ್ಯಾಗ ನಿಂತ್ರೂ ಅಕಿದು ನೆರಳು ಬೀಳಂಗಿಲ್ಲ."

ಯಾರಿಗೂ ಹೇಳಲಾಗದ್ದನ್ನು ಒಬ್ಬರಿಗೆ ಹೇಳಿ ಹಗುರಾದಂತೆ ಅವರು ಕುರ್ಚಿಗೆ ಒರಗಿದರು. "ಸುಳ್ಳನ್ನ ಖರೇ ಕಾಣೂಹಂಗ ಬರಿಯೋದು ನಿನಗ ಗೊತ್ತು. ಅಕಿನ್ನ ಬರಿ. ನನಗ ನೋಡಾಕ ಆಗಂಗಿಲ್ಲ, ಆದ್ರೂ ಎಲ್ಲಾರ ಒಂದು ಕಡಿ ಅಕಿ ಇರಲಿ."

ಅಂದಿನಿಂದ ನನ್ನ ಭಾನುವಾರಗಳು ಕಂಪ್ಲಿಗೆ ಮೀಸಲಾದವು. ನಾನು ಬಾಗಿಲಿಗೆ ಬೆನ್ನು ಹಾಕಿ, ಅಕ್ಕೋರ ಎದುರಿಗೆ ಕೂರುತ್ತಿದ್ದೆ. ಅವಳು ಬಂದಳೆಂದರೆ ಅವರು ಕೈ ಎತ್ತುತ್ತಿದ್ದರು. ಆಮೇಲೆ ನಿಧಾನವಾಗಿ, ತರಗತಿಯಲ್ಲಿ ಹೇಳಿಸುವಂತೆ, ಹೇಳುತ್ತಾ ಹೋಗುತ್ತಿದ್ದರು. "ಹಸರು ಅಂದ್ರ ಗಿಣಿ ಹಸರಲ್ಲ. ನೆಲ್ಲಿನ ಸಸಿ ಕಿತ್ತು ಗದ್ದಿಗೆ ಹಚ್ಚೂಕಿಂತ ಮೊದಲು ಇರ್ತೈತಲ್ಲ, ಅದು. ಎಡಗೈ ಬಾಗಿಲ ಚೌಕಟ್ಟಿನ ಮ್ಯಾಲ. ಬಳಿ ಇಲ್ಲ. ಇಲ್ಲ ಇಲ್ಲ, ಅದಾವ, ಸರದು ಮೊಣಕೈಗೆ ಹೋಗ್ಯಾವ."

ನನಗೆ ಕಷ್ಟವಾದದ್ದು ಬಣ್ಣವಲ್ಲ. ನಾನು ಕಲಿತ ವಿದ್ಯೆಯೆಲ್ಲ ನೆರಳಿನ ಮೇಲೆ ನಿಂತಿತ್ತು. ಗೋಡೆಯ ಮೇಲೆ ಬರೆದ ಮೊಳೆಯನ್ನು ಜನ ಕೈ ಚಾಚಿ ಕೀಳಲು ಹೋಗುವುದು ಅದರ ನೆರಳಿನ ದೆಸೆಯಿಂದ. ಈಗ ನೆರಳಿಲ್ಲದೆ, ಎಳೆ ಎಳೆಯೂ ಕಾಣುವಂತೆ, ಎದುರಿನ ಮನುಷ್ಯರಿಗಿಂತ ಸ್ಪಷ್ಟವಾಗಿ ಒಬ್ಬಳನ್ನು ನಿಲ್ಲಿಸಬೇಕು. ಮೊದಲ ಚಿತ್ರದಲ್ಲಿ ಅವಳು ಕತ್ತರಿಸಿ ಅಂಟಿಸಿದ ಕ್ಯಾಲೆಂಡರಿನ ಹಾಗೆ ಬಂದಳು. ಎರಡನೆಯದರಲ್ಲಿ ದೆವ್ವದ ಹಾಗೆ. ನನ್ನ ಕೋಣೆಯಲ್ಲಿ ವಾರವೆಲ್ಲ ಅದನ್ನು ಕೆರೆದು ಅಳಿಸಿ ಮತ್ತೆ ಬರೆಯುತ್ತಿದ್ದೆ. ಕಡೆಗೆ ದಾರಿ ಸಿಕ್ಕಿದ್ದು ಸುತ್ತಲಿನದನ್ನು ಮಸುಕು ಮಾಡಿದಾಗ. ಬಾಗಿಲು, ಗೋಡೆ, ಒಳಗಿನ ಕಪಾಟು, ಎಲ್ಲವನ್ನೂ ಅಕ್ಕೋರ ಕಣ್ಣಂಚಿಗೆ ಕಂಡಂತೆ ಕದಡಿಬಿಟ್ಟೆ. ಆಗ ಅವಳೊಬ್ಬಳೇ ನಿಚ್ಚಳವಾಗಿ ನಿಂತಳು. ಆ ರಾತ್ರಿ ಊಟ ಮಾಡಿದ್ದು ನೆನಪಿಲ್ಲ. ಹೇಳಿಕೊಳ್ಳಲು ಯಾರಿದ್ದರು? ಭಾನುವಾರದವರೆಗೆ ಕಾದೆ.

ಮಳೆಗಾಲ ಕಳೆದ ಮೇಲೆ ಒಂದು ಭಾನುವಾರ ಆ ಮನೆಯಲ್ಲಿ ಗದ್ದಲವಿತ್ತು. ತಮ್ಮನ ಮಗನಿಗೆ ಎಮ್ಮಿಗನೂರಿನ ಹುಡುಗಿಯನ್ನು ನೋಡಿದ್ದರು. ಆ ಕಡೆಯವರು ಮನೆ ನೋಡಲು ಬರುವವರಿದ್ದರು. ನಾನು ವಾಪಸು ಹೊರಟರೆ ಅಕ್ಕೋರು ಬಿಡಲಿಲ್ಲ. "ಅವರ ಪಾಡಿಗೆ ಅವರು, ನಮ್ಮ ಪಾಡಿಗೆ ನಾವು. ಕುಂದ್ರು." ಮುಂದಿನ ಪಡಸಾಲೆಯಲ್ಲಿ ಮಾತು, ನಗು, ತಾಟಿನ ಸದ್ದು. ಹಿತ್ತಲಲ್ಲಿ ನಾವಿಬ್ಬರು.

ಅಕ್ಕೋರು ಕೈ ಎತ್ತಿದರು.

"ಬಂದ್ಲು ನೋಡು."

ನಾನು ಪೆನ್ಸಿಲ್ ಹಿಡಿದೆ.

"ಯಾಕೋ ಇವತ್ತ ಮಸಕ ಮಸಕ ಬಂದಾಳ. ಸೀರಿ ಹಸರಾ, ಆದ್ರ ಅಂಚು ತಿಳಿಯವಲ್ದು. ಸ್ವಲ್ಪ ದಪ್ಪನೂ ಆಗ್ಯಾಳ. ಕೊರಳಾಗ ಬಂಗಾರ ಹಾಕ್ಕೊಂಡಾಳ, ಎಂದೂ ಹಾಕ್ಕೊಂಡಿದ್ದಿಲ್ಲ. ಮೊದಲಿನ ಕಳೆ ಇಲ್ಲ ಬಿಡು, ವಯಸ್ಸಾತೇನೋ ಅಕಿಗೂ."

ನನ್ನ ಬೆನ್ನ ಹಿಂದೆ ಬಳೆ ಸದ್ದಾಯಿತು. ತಿರುಗಿ ನೋಡಿದರೆ ಬಾಗಿಲಲ್ಲಿ ಹಸಿರು ಸೀರೆಯ ಹೆಣ್ಣುಮಗಳು, ಹುಡುಗಿಯ ತಾಯಿ, ಹಿರಿಯರಿಗೆ ಕೈಮುಗಿಯಲೆಂದು ಬಂದವರು, ಎತ್ತಿದ ಕೈ ಎತ್ತಿದ ಹಾಗೇ ಇಟ್ಟುಕೊಂಡು ನಿಂತಿದ್ದರು.

"ನನಗ ಅಂದ್ರೇನ್ರಿ ಅಕ್ಕೋರೆ?" ಅಂದರು.

ಅಕ್ಕೋರ ಮುಖ ಬಿಳುಚಿತು. ದನಿ ಬಂದದ್ದು ಅವರಿಗೆ ದೊಡ್ಡ ಆಘಾತ. ಒಂದು ಕ್ಷಣ, ತಾನು ಇಷ್ಟು ದಿನ ಕಂಡ ಹೆಂಗಸೇ ಬಾಯಿಬಿಟ್ಟಳೆಂದು ಅವರು ತಿಳಿದರೇನೋ. ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡರು. ನಾನು ಎದ್ದು ಏನೋ ಸಮಜಾಯಿಷಿ ಹೇಳಹೊರಟೆ; ಅದು ಇನ್ನೂ ಗೊಂದಲವಾಯಿತು. ಆ ತಾಯಿ ಸರ್ರನೆ ಒಳಗೆ ಹೋದರು. ಅರ್ಧ ಗಂಟೆಯಲ್ಲಿ ಬಂದವರೆಲ್ಲ ಊಟಕ್ಕೂ ನಿಲ್ಲದೆ ಎದ್ದರು.

ಅಕ್ಕೋರ ತಮ್ಮ ಹಿತ್ತಲಿಗೆ ಬಂದು ನನ್ನ ಮೇಲೆ ಹರಿಹಾಯ್ದರು. "ಮಾನ ಹೋತಲ್ಲಪ್ಪಾ ಮಂದಿ ಮುಂದ! ಅಕಿ ಹೇಳೋದು, ನೀ ಬರಿಯೋದು! ಇಲ್ಲದ್ದು ಐತಿ ಅನ್ನಾಕ ನೀನಾ ಕುಮ್ಮಕ್ಕು ಕೊಟ್ಟಿ."

"ಗಾಳೀನ ಇದು. ನಾ ಮೊದ್ಲಾ ಹೇಳಿದ್ದೆ," ಎಂದು ನಾದಿನಿ ಕಣ್ಣೊರೆಸಿಕೊಂಡರು. ಅಮಾವಾಸ್ಯೆಗೆ ದೂರದ ಯಾವುದೋ ಊರಿನ ಮಂತ್ರವಾದಿಯ ಬಳಿ ಕರೆದೊಯ್ಯುವುದೆಂದು ಅಲ್ಲೇ ತೀರ್ಮಾನವಾಯಿತು. ಅಷ್ಟು ವರ್ಷ ನೂರಾರು ಹುಡುಗರನ್ನು ಒಂದು ನೋಟಕ್ಕೆ ಸುಮ್ಮನಾಗಿಸುತ್ತಿದ್ದ ಅಕ್ಕೋರು, ತಮ್ಮ ಮಾತು ಇನ್ನು ಲೆಕ್ಕಕ್ಕಿಲ್ಲವೆಂದು ತಿಳಿದವರ ಹಾಗೆ, ಸೆರಗಿನ ತುದಿ ಸುತ್ತುತ್ತಾ ಕುಳಿತಿದ್ದರು.

ನನಗೆ ತಡೆಯಲಾಗಲಿಲ್ಲ. "ಮಂತ್ರವಾದಿ ಆಮ್ಯಾಲ ನೋಡೂಣ್ರಿ. ಮೊದ್ಲು ಕಣ್ಣಿನ ಡಾಕ್ಟ್ರಿಗೆ ತೋರಿಸ್ತೀನಿ. ನಾಳೆನಾ ಕರಕೊಂಡು ಹೋಗ್ತೀನಿ," ಅಂದೆ. ಅಕ್ಕೋರ ತಮ್ಮ ಸಿಟ್ಟಿನಲ್ಲೇ, "ಎಲ್ಲಿಗಾರ ಕರಕೊಂಡು ಹೋಗು," ಎಂದು ಅಂಗಡಿಗೆ ಹೊರಟುಹೋದರು.

ಹೊಸಪೇಟೆಯ ಕಣ್ಣಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬಹಳ ಹೊತ್ತು ದೀಪ ಬಿಟ್ಟು ನೋಡಿದರು. ಕಣ್ಣಿನ ಹಿಂದಿನ ಪರದೆಯ ನಡುಭಾಗ ಸವೆದಿದೆ, ಇದು ಪೊರೆಯಲ್ಲ, ಹೋದ ದೃಷ್ಟಿ ಬರುವುದು ಕಷ್ಟ ಎಂದರು. ಅಕ್ಕೋರು ತಲೆಯಾಡಿಸಿದರು. ಅದು ಅವರಿಗೆ ಗೊತ್ತಿದ್ದಂತೆಯೇ ಇತ್ತು. ನಾನು ಆ ಹೆಂಗಸಿನ ವಿಷಯ ತೆಗೆಯುವಂತೆ ಮೆಲ್ಲಗೆ ಅವರ ಕೈ ಮುಟ್ಟಿದೆ. ಅವರು ತಲೆ ತಗ್ಗಿಸಿಕೊಂಡು ಎಲ್ಲ ಹೇಳಿದರು: ಚಾಪೆಯ ಹೆಣಿಗೆ, ಗೇಣುದ್ದದ ಜನ, ಹಸಿರು ಸೀರೆ.

ಡಾಕ್ಟರು ನಗಲಿಲ್ಲ, ಗಾಬರಿಯನ್ನೂ ಪಡಲಿಲ್ಲ. "ಇನ್ನೂ ಯಾರಿಗಾರ ಹೇಳೀರೇನ್ರಿ ಅಮ್ಮ?"

"ಯಾರಿಗೆ ಹೇಳಲವ್ವಾ? ಹುಚ್ಚಿ ಅಂತಾರ."

"ನಿಮ್ಮಂಗ ಭಾಳ ಮಂದಿಗೆ ಕಾಣ್ತಾವ್ರಿ. ಎಲ್ಲಾರೂ ಅಂಜಿ ಬಾಯಿ ಮುಚ್ಚಿಕೊಂಡಿರ್ತಾರ. ಹುಚ್ಚಲ್ಲ ಇದು. ಕಣ್ಣಿನಿಂದ ಚಿತ್ರ ಬರೂದು ಕಡಿಮಿ ಆದಾಗ ಮೆದುಳು ಸುಮ್ನ ಕುಂದ್ರಂಗಿಲ್ಲ, ತಾನಾ ಚಿತ್ರ ಮಾಡ್ಕೊಂತೈತಿ. ಕೆಲವರಿಗೆ ಒಂದಿಷ್ಟು ಕಾಲ ಆದಮ್ಯಾಲ ತಾನಾ ನಿಲ್ತಾವ. ಅಂಜಬ್ಯಾಡ್ರಿ."

ಅಕ್ಕೋರು ಅತ್ತದ್ದನ್ನು ನಾನು ಅಂದೇ ಮೊದಲು ಕಂಡದ್ದು. ದೃಷ್ಟಿ ಹೋಯಿತೆಂದಾಗ ಬಾರದ ಕಣ್ಣೀರು, ಹುಚ್ಚಲ್ಲ ಎಂದ ಮೇಲೆ ಬಂತು. ಡಾಕ್ಟರು ಕೈ ಹಿಡಿದುಕೊಂಡು ಹೊರಗಿನ ಬಾಗಿಲವರೆಗೆ ಬಿಟ್ಟರು.

ರಸ್ತೆಗೆ ಬಂದದ್ದೇ ಅಕ್ಕೋರು, "ಹಂಪಿಗೆ ಹೋಗೂಣೇನು?" ಎಂದು ಕೇಳಿದರು, ಸಣ್ಣ ಹುಡುಗಿಯ ಹಾಗೆ. ಆಟೋ ಮಾಡಿಕೊಂಡು ಹೋದೆವು. ಗುಡಿಯಲ್ಲಿ ದೇವರ ದರ್ಶನ ಮುಗಿಸಿ ಹಿಂಭಾಗದ ಕತ್ತಲ ಕೋಣೆಗೆ ಕರೆದೊಯ್ಯಲು ಹೇಳಿದರು. ಗೋಪುರದ ನೆರಳು ತಲೆಕೆಳಗಾಗಿ ಗೋಡೆಯ ಮೇಲೆ ಬೀಳುವ ಜಾಗ. ಶಾಲೆಯಿಂದ ಪ್ರತಿವರ್ಷ ನಮ್ಮನ್ನು ಅಲ್ಲಿಗೆ ಕರೆತಂದು, ಗದ್ದಲ ಮಾಡದೆ ನೋಡಲು ಹೇಳುತ್ತಿದ್ದರು. ಅಂದು ಬಿಸಿಲು ಚೆನ್ನಾಗಿತ್ತು. ನೆರಳು ಕೂತಿತ್ತು. "ಎಲ್ಲಿ ಐತಿ?" ಎಂದರು. ಅವರ ಅಂಗೈ ಹಿಡಿದು ಗೋಡೆಯ ಮೇಲಿಟ್ಟೆ. ಗೋಪುರದ ಕಳಸ ಅವರ ಹಿಂಗೈ ಮೇಲೆ, ಬೆರಳುಗಳ ನಡುವೆ ಬಂದು ನಿಂತಿತು. ಹಿಂದೆ ನಿಂತಿದ್ದ ಪ್ರವಾಸಿಗರು ಬೇಗ ಸರಿಯಲಿ ಎಂದು ಕೆಮ್ಮಿದರು. ಅಕ್ಕೋರು ಕೈ ತೆಗೆಯಲಿಲ್ಲ.

"ತಣ್ಣಗೈತಿ," ಎಂದರು.

ಕಂಪ್ಲಿಗೆ ಹೋಗಿ ನಾನು ಡಾಕ್ಟರು ಹೇಳಿದ್ದನ್ನೆಲ್ಲ ಬಿಡಿಸಿ ಹೇಳಿದೆ. ತಮ್ಮ ಮೊದಲು ನಂಬಲಿಲ್ಲ. ಆಮೇಲೆ ತಾವೇ ಡಾಕ್ಟರಿಗೆ ಫೋನು ಮಾಡಿ ಕೇಳಿದರು. ಕಪ್ಪು ದಾರವನ್ನು ನಾದಿನಿಯೇ ಕತ್ತರಿಸಿ ತೆಗೆದರು. ಮರುದಿನ ಗಂಡ ಹೆಂಡತಿ ಇಬ್ಬರೂ ಎಮ್ಮಿಗನೂರಿಗೆ ಹೋಗಿ ಹುಡುಗಿಯ ಮನೆಯವರಿಗೆ ಇದ್ದದ್ದು ಇದ್ದಂತೆ ತಿಳಿಸಿದರು.

ಮುಂದಿನ ಭಾನುವಾರ ನಾನು ಹಿತ್ತಲಲ್ಲಿ ಇರುವಾಗಲೇ ಆ ತಾಯಿ ಬಂದರು. ಈ ಸಲ ಬೇರೆ ಬಣ್ಣದ ಸೀರೆ. ನೇರ ಅಕ್ಕೋರ ಹತ್ತಿರ ಬಂದು, ಕುರ್ಚಿಯ ಪಕ್ಕ ನೆಲದ ಮೇಲೆ ಕುಳಿತು ಎರಡೂ ಕೈ ಮುಂದಿಟ್ಟರು.

"ನಾ ಖರೇ ಅದೀನ್ರಿ ಅಕ್ಕೋರೆ. ಮುಟ್ಟಿ ನೋಡ್ರಿ."

ಅಕ್ಕೋರು ಆ ಕೈ ಮುಟ್ಟಿದರು, ಬಳೆ ಮುಟ್ಟಿದರು, ಆಮೇಲೆ ಕೆನ್ನೆ ಮುಟ್ಟಿದರು. "ದಪ್ಪ ಅಂದಿದ್ನಲ್ಲವ್ವಾ, ತಪ್ಪಾತು."

"ದಪ್ಪ ಅದೀನಿ ಬಿಡ್ರಿ. ಮನ್ಯಾಗ ಎಲ್ಲಾರೂ ಅಂತಾರ," ಎಂದು ಅವರು ನಕ್ಕರು. ಎಲ್ಲರೂ ನಕ್ಕೆವು. ಸಂಬಂಧ ಕೂಡಿತು. ಮದುವೆಯೂ ಆಯಿತು.

ಮದುವೆಯ ನಂತರ ನನ್ನ ಭಾನುವಾರಗಳು ಹಾಗೇ ನಡೆದವು. ಹಸಿರು ಸೀರೆಯವಳು ಬರುತ್ತಿದ್ದಳು, ಅಕ್ಕೋರು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಈಗ ಅವರಿಗೆ ಅಂಜಿಕೆ ಇರಲಿಲ್ಲ. ಕೆಲವೊಮ್ಮೆ ಅವಳನ್ನು ರೇಗಿಸುತ್ತಲೂ ಇದ್ದರು. ಚಿತ್ರಗಳು ಒಂದೊಂದಾಗಿ ನನ್ನ ಕೋಣೆಯ ಗೋಡೆಗೆ ಒರಗಿ ನಿಂತವು.

ಬೇಸಿಗೆಯ ಒಂದು ದಿನ ಅವರು ಎಂದಿನಂತೆ ಕೈ ಎತ್ತಿ, "ಬಂದ್ಲು," ಎಂದರು. ಸೀರೆಯ ನೆರಿಗೆ, ನಿಂತ ಭಂಗಿ, ಎಲ್ಲ ಹೇಳಿ, ಕಡೆಗೆ, "ನೆರಳು ಎಡಕ್ಕ ಬಿದ್ದೈತಿ, ಹೊಸ್ತಿಲ ದಾಟಿ," ಎಂದರು.

ನನ್ನ ಕೈ ನಿಂತಿತು. ನೆರಳು?

ಅವರ ಮುಖ ನೋಡಿದೆ. ಅವರು ಬಾಗಿಲ ಕಡೆಗೇ ತಿರುಗಿ, ತರಗತಿಯ ದನಿಯಲ್ಲಿ, ಒಂದೇ ಹದವಾಗಿ ಹೇಳುತ್ತಾ ಹೋದರು. ಅವಳು ಇರಲಿಲ್ಲ. ಬಹುಶಃ ಎಷ್ಟೋ ವಾರಗಳಿಂದ ಬಂದಿರಲಿಲ್ಲ. ಡಾಕ್ಟರು ಹೇಳಿದಂತೆ ತಾನಾಗಿ ನಿಂತುಹೋಗಿತ್ತು. ಅಕ್ಕೋರು ಜೀವಮಾನವಿಡೀ ಕಲಿಸಿದ ಪದ್ಧತಿಯಲ್ಲಿ, ಬಿಸಿಲು ಎಲ್ಲಿಂದ, ನೆರಳು ಎಲ್ಲಿಗೆ ಎಂದು ಲೆಕ್ಕ ಹಾಕಿ, ಅವಳನ್ನು ನನಗಾಗಿ ಕಟ್ಟಿ ನಿಲ್ಲಿಸುತ್ತಿದ್ದರು.

ನಾನು ನೆರಳು ಬರೆದೆ. ಮುಂದಿನ ವಾರವೂ ಬರೆದೆ. ಹಾಗೆ ಎಷ್ಟೋ ವಾರ. ಬಸ್ಸಿನಲ್ಲಿ ಹಿಂದಿರುಗುವಾಗ ಮಡಿಲಲ್ಲಿನ ಆ ಕಾಗದಗಳನ್ನು ನೋಡಲು ಧೈರ್ಯವಾಗುತ್ತಿರಲಿಲ್ಲ. ಆ ಮನೆಯಲ್ಲಿ ಹತ್ತು ಜನ ಇದ್ದರು. ಹೊತ್ತು ಹೊತ್ತಿಗೆ ಊಟ, ಔಷಧ ಎಲ್ಲ ಬರುತ್ತಿತ್ತು. ಆದರೆ ಅವರ ಎದುರು ಕುರ್ಚಿ ಹಾಕಿಕೊಂಡು, ಅವರು ಹೇಳುವ ಮಾತಿಗಾಗಿ ಕಾಯುವವನು ನಾನೊಬ್ಬನೇ. ನನಗಾಗಿ ಕಾಯುವವರೂ ಈ ಭೂಮಿಯ ಮೇಲೆ ಅವರೊಬ್ಬರೇ.

ಕಡೆಗೆ ಒಂದು ಸಂಜೆ ಅವರೇ ಅರ್ಧಕ್ಕೆ ಮಾತು ನಿಲ್ಲಿಸಿದರು.

"ಸಾಕು ಬಿಡಪ್ಪಾ. ಅಕಿ ಇಲ್ಲ."

"ಗೊತ್ತೈತ್ರಿ."

"ಯಾವಾಗಿಂದ?"

"ನೆರಳು ಬಂದಾಗಿಂದ."

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯ ನನ ಕರ್ಮಾ, ಮೇಷ್ಟ್ರಿಕಿ ಬುದ್ಧಿ ಎಲ್ಲಿಗೆ ಹೋಗ್ಬೇಕು!" ನಗು ನಿಂತ ಮೇಲೆ ಮೆಲ್ಲಗೆ ಕೇಳಿದರು, "ಮತ್ತ ಗೊತ್ತಿದ್ದೂ ಯಾಕ ಬಂದಿ?"

"ಐತವಾರ ಹೋಗಾಕ ನನಗೂ ಬ್ಯಾರೆ ಕಡಿ ಇಲ್ರಿ."

ಅವರು ಕೈ ಚಾಚಿ ನನ್ನ ತಲೆ ಹುಡುಕಿ ಸವರಿದರು.

ಆಮೇಲಿನ ಭಾನುವಾರಗಳಲ್ಲಿ ನಾನು ಹೇಳಿದೆ, ಅವರು ಕೇಳಿದರು. ಹಿತ್ತಲ ನುಗ್ಗೆಮರ ಹೂ ಬಿಟ್ಟಿದ್ದು, ಮನೆಗೆ ಬಂದ ಸೊಸೆ ಬಟ್ಟೆ ಒಣಹಾಕಿದ್ದು, ಸಂಡೂರಿನ ಹೊಸ ಬಂಗಲೆಯವರು ಛತ್ತಿನ ಆಕಾಶಕ್ಕೆ ವಿಮಾನ ಒಂದು ಸೇರಿಸಿ ಅಂದದ್ದು. ನನಗೆ ಇಷ್ಟು ಮಾತು ಬರುತ್ತದೆ ಎಂಬುದು ನನಗೇ ಗೊತ್ತಿರಲಿಲ್ಲ. ಎಲ್ಲಾದರೂ ಉತ್ಪ್ರೇಕ್ಷೆ ಮಾಡಿದರೆ ಅವರಿಗೆ ತಕ್ಷಣ ತಿಳಿಯುತ್ತಿತ್ತು. "ಬಿಸಲು ಆ ಕಡಿಯಿಂದ ಇದ್ರ ಬಟ್ಟಿ ಹಂಗ ಹೆಂಗ ಹೊಳೀತೈತಲೇ?" ಎಂದು ತಡೆಯುತ್ತಿದ್ದರು.

ಬೆಂಗಳೂರಿನ ಒಂದು ಗ್ಯಾಲರಿಯವರು ಚಿತ್ರಗಳ ಫೋಟೋ ನೋಡಿ ಪ್ರದರ್ಶನಕ್ಕೆ ಕರೆದರು. ನೆರಳಿಲ್ಲದವು, ನೆರಳಿರುವವು, ಎಲ್ಲವನ್ನೂ ಒಯ್ದೆ. ಜನ ಬಂದರು, ಭ್ರಮೆ, ವಾಸ್ತವ ಎಂದೆಲ್ಲ ಮಾತಾಡಿದರು. ಒಬ್ಬ ಹೆಣ್ಣುಮಗಳು ಮಾತ್ರ ಬಹಳ ಹೊತ್ತು ನಿಂತು, "ಇವರು ನಿಮಗೆ ಏನಾಗಬೇಕು?" ಎಂದು ಕೇಳಿದರು. ಚಿತ್ರದಲ್ಲಿರುವ ಹೆಂಗಸನ್ನು ಕುರಿತು ಅವರು ಕೇಳಿದ್ದು. ಹಿಂದಿರುಗಿ ಅಕ್ಕೋರಿಗೆ ಎಲ್ಲ ಹೇಳಿದೆ. ಅವರಿಗೆ ಬೇಕಾಗಿದ್ದು ಒಂದೇ: "ದೀಪ ಎಲ್ಲಿಂದ ಬಿಟ್ಟಿದ್ರು? ಮ್ಯಾಲಿಂದಾ, ಬಾಜೂದಿಂದಾ?"

ಆ ಚಳಿಗಾಲದಲ್ಲಿ ಅವರಿಗೆ ಜ್ವರ ಬಂತು. ಎದೆಯಲ್ಲಿ ಕಫ ಕಟ್ಟಿತು. ಸೊಸೆಯ ತಾಯಿ ಎಮ್ಮಿಗನೂರಿನಿಂದ ಬಂದು ಪಕ್ಕದಲ್ಲೇ ಇದ್ದು ನೋಡಿಕೊಂಡರಂತೆ. ನಾನು ಒಂದು ಮನೆಯ ಅಟ್ಟಣಿಗೆಯ ಮೇಲಿದ್ದಾಗ, ಅಕ್ಕೋರು ಹೋದರೆಂದು ಅವರ ತಮ್ಮನ ಫೋನು ಬಂತು. ಕೈಗೆ ಹತ್ತಿದ್ದ ನೀಲಿ ತೊಳೆಯದೆಯೇ ಬಸ್ಸು ಹತ್ತಿದೆ. ಎಲ್ಲ ಮುಗಿಸಿ ಹೊಳೆಯಲ್ಲಿ ಮಿಂದು ಬರುವಾಗ ತಮ್ಮ ನನ್ನ ಹೆಗಲ ಮೇಲೆ ಕೈಯಿಟ್ಟು, "ಬರ್ತಾ ಇರಪ್ಪಾ," ಎಂದರು. ಮನಸ್ಸಿನಿಂದಲೇ ಹೇಳಿದರು.

ಮುಂದೆ ಒಂದೆರಡು ವರ್ಷದಲ್ಲಿ ಗಣಿಗಳೂ ನಿಂತವು. ಲಾರಿಗಳು ಬೈಪಾಸಿನ ಬದಿಯಲ್ಲಿ ಸಾಲಾಗಿ ನಿಂತು ತುಕ್ಕು ಹಿಡಿದವು. ಛತ್ತಿಗೆ ಆಕಾಶ ಬೇಡುವವರು ಇಲ್ಲವಾದರು. ನಾನು ಹೇಗೋ ನನ್ನ ಚಿತ್ರಗಳಲ್ಲೇ ಬದುಕುವುದನ್ನು ಕಲಿತೆ.

ಅಕ್ಕೋರು ಹೋದ ಮೇಲೂ ಕೆಲವು ಭಾನುವಾರ ಕಂಪ್ಲಿಗೆ ಹೋದದ್ದುಂಟು. ಆ ಮನೆಗಲ್ಲ. ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಒಗ್ಗರಣೆ ಮಂಡಕ್ಕಿ, ಎರಡು ಮಿರ್ಚಿ ತಿಂದು, ಚಹಾ ಕುಡಿದು, ಬಂದ ಬಸ್ಸಿನಲ್ಲೇ ವಾಪಸು ಬರುತ್ತಿದ್ದೆ. ಹೋಟೆಲಿನವರು ನನ್ನನ್ನು ಯಾವುದೋ ಕಂಪನಿಯ ವಸೂಲಿಯವನೆಂದು ತಿಳಿದಿದ್ದರು. "ಇವತ್ತೂ ಸಿಗಲಿಲ್ಲೇನ್ರಿ ಅವರು?" ಎಂದು ಒಮ್ಮೆ ಕೇಳಿದರು. ಇಲ್ಲವೆಂದು ತಲೆಯಾಡಿಸಿದೆ. ಆ ಮುಂದಿನ ಭಾನುವಾರ ಸ್ನಾನ ಮಾಡಿ, ಅಂಗಿ ಹಾಕಿಕೊಂಡು, ಕೋಣೆಯ ಬಾಗಿಲವರೆಗೆ ಬಂದವನು ಹಾಗೇ ನಿಂತು, ತಿರುಗಿ ಒಳಗೆ ಹೋಗಿ ಕುಳಿತುಕೊಂಡೆ.